ಕಾವಲುಪಡೆಯೇ ಬೇಟೆಯಾದಾಗ

ದೇಹವನ್ನು ಒಂಬತ್ತು ಬಾಗಿಲುಗಳ ಪುರವೆಂದು ನಮ್ಮ ಹಿರಿಯರು ಬಣ್ಣಿಸಿದರು. ಪುರವೆಂದ ಮೇಲೆ ಕೋಟೆಯುಂಟು, ಕಾವಲುಂಟು. ಏಡ್ಸ್ ರೋಗಕ್ಕೆ ಮೂಲವಾದ ಎಚ್‌ಐವಿ ವೈರಾಣು ಸ್ತ್ರೀದೇಹವನ್ನು ಹೊಗುವ ಬಗೆಯನ್ನು ನೋಡಿದರೆ, ಕಾವಲಿನವರ ಅತ್ಯುತ್ಸಾಹವೇ ಕೋಟೆಗೆ ಮುಳುವಾಗುವ ಸೋಜಿಗ ಕಾಣುತ್ತದೆ.

ಯೋನಿಯ ಒಳಗೋಡೆಗೆ ಜೀವಕೋಶಗಳ ಹಲವು ಪದರಗಳ ಹೊದಿಕೆಯಿದೆ. ಗರ್ಭಕಂಠದ ಒಳಭಾಗದಲ್ಲಿ ಅದು ಒಂದೇ ಪದರ. ಅದರ ಮೇಲಣ ಲೋಳೆ ವೈರಾಣುವನ್ನು ಸಿಕ್ಕಿಸಿಕೊಳ್ಳುತ್ತದೆ. ಮೊಸರಿನ ಸೂಕ್ಷ್ಮಜೀವಿಗಳ ಬಳಗಕ್ಕೇ ಸೇರಿದ ಲ್ಯಾಕ್ಟೊಬ್ಯಾಸಿಲಸ್‌ಗಳು ಅಲ್ಲಿ ಹುಳಿಯ ವಾತಾವರಣವನ್ನು ಕಾಪಾಡುತ್ತವೆ. ಆದುದರಿಂದಲೇ ಒಳಬಂದ ವೈರಾಣುಗಳಲ್ಲಿ ಬಹುಪಾಲು ಅಲ್ಲಿಯೇ ಅಳಿಯುತ್ತವೆ.

ಎಲ್ಲಿಯೋ ಒಂದು ಬಿರುಕಿನಿಂದ ಕೆಲವು ಒಳನುಸುಳಿದುವೆನ್ನೋಣ. ಅವುಗಳ ಬೇಟೆ ಸಿಡಿ4 ಎಂಬ ಬಿಳಿಯ ರಕ್ತಕಣಗಳು. ಎಂದರೆ ದೇಹವನ್ನು ಕಾಯುವ ಪಡೆಯೇ. ಮೊದಲು ಸೋಂಕುವುದು ಬೆರಳೆಣಿಕೆಯ ಕಣಗಳಿಗೆ. ಮುಂದೇನಾಗುವುದೆಂಬುದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆಶ್ಲಿ ಹಾಸೆ ಮತ್ತು ಸಂಗಡಿಗರು, ಎಚ್‌ಐವಿಯ ದಾಯಾದಿಯಾದ ಎಸ್‌ಐವಿಯನ್ನು ಹೆಣ್ಣು ಕೋತಿಗಳಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಹೊದಿಕೆಯ ಕೋಶಗಳು ರಾಸಾಯನಿಕ ಸಂಕೇತಗಳಿಂದ ಕೂಗಿಡುತ್ತವೆ. ಓಡಿಬಂದ ಕಾವಲುಗಾರರು ಮತ್ತಷ್ಟು ಮಂದಿಯನ್ನು ಕರೆಯುತ್ತಾರೆ. ಹೀಗೆ ನೆರೆದ ಸಿಡಿ4 ಕಣಗಳೇ ಆರಲಿದ್ದ ಕಿಡಿಗೆ ಸೌದೆಯಾಗುತ್ತವೆ. ವೈರಾಣು ಅವುಗಳಲ್ಲಿ ಬೆಳೆದು, ದುಗ್ಧಗ್ರಂಥಿಗಳನ್ನೂ ರಕ್ತವನ್ನೂ ಸೇರಿ ದೇಹವನ್ನೆಲ್ಲ ವ್ಯಾಪಿಸುತ್ತದೆ.

ಇದು ಪ್ರಯೋಗಶಾಲೆಯ ಕೋತಿಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತದಲ್ಲಿ 889 ಮಹಿಳೆಯರು ಟೆನೊಫೊವಿರ್ ಲೇಪವೊಂದರ ಪರೀಕ್ಷೆಗೆ ಒಪ್ಪಿದ್ದರು. ಲೇಪವು ಸೋಂಕನ್ನು ಶೇಕಡ 39ರಷ್ಟು ತಗ್ಗಿಸಿತೆಂದು 2010ರಲ್ಲಿ ತಿಳಿಯಿತು. ಅವರಲ್ಲಿ ಜನನಾಂಗದ ಉರಿಯೂತ ಮೊದಲೇ ಇದ್ದವರಿಗೆ ಎಚ್‌ಐವಿ ತಗಲುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು 2015ರಲ್ಲಿ ಪ್ರಕಟವಾಯಿತು. ಕಾವಲುಪಡೆ ಮೊದಲೇ ಅಲ್ಲಿ ಜಮಾಯಿಸಿರುವುದು ಇದಕ್ಕೆ ಕಾರಣವೆಂಬುದು ವಿಜ್ಞಾನಿಗಳ ಊಹೆ. ಇಂತಹ ಉರಿಯೂತ ಎಷ್ಟೋ ವೇಳೆ ನೋವನ್ನೂ ತೋರದು. ನೋವಿದ್ದರೂ ನಾಚಿಕೆಯಿಂದ ಬಾಯಿ ಬಿಡದವರುಂಟು. ಆ ಮೌನಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಮುಂದಿನ ಪರೀಕ್ಷೆಗಳಲ್ಲಿ ಆ ಲೇಪ ನಿರೀಕ್ಷಿಸಿದ ಫಲ ಕೊಡಲಿಲ್ಲ. ಅದನ್ನು ತಪ್ಪದೆ ಬಳಸುವುದು ಹಲವರಿಗೆ ಸಾಧ್ಯವಾಗಲಿಲ್ಲ. 2024ರಲ್ಲಿ ಮತ್ತೊಂದು ಹಾದಿ ತೆರೆಯಿತು. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಔಷಧವನ್ನು ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳ 2134 ಯುವತಿಯರಿಗೆ ನೀಡಿದಾಗ ಒಬ್ಬರಿಗೂ ಸೋಂಕು ತಗಲಲಿಲ್ಲ. ಪುರುಷನ ಒಪ್ಪಿಗೆಗೆ ಕಾಯದೆ ಹೆಣ್ಣು ತನ್ನನ್ನು ತಾನೇ ಕಾಯ್ದುಕೊಳ್ಳಬಲ್ಲ ಸಾಧನವಿದು. ಅದು ಬೇಕಾದವಳ ಕೈಗೆಟುಕುವಂತೆ ಮಾಡುವುದು ಸಮಾಜದ ಹೊಣೆ.