ನಿಮಗಿದು ಗೊತ್ತೇ? ದಾವಣಗೆರೆ ಸೀಮೆಯ ಪದ್ಯ, ನಾಟಕ

● ಕನ್ನಡವನ್ನು ಬಾಳೆಹಣ್ಣು, ಕಬ್ಬು, ಹಾಲಿಗೆ ಹೋಲಿಸುವ ಪದ್ಯ ರಾಜ್ಯೋತ್ಸವದ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದಲ್ಲ, ಅದನ್ನು ಬರೆದವನು 17ನೇ ಶತಮಾನದ ಮಹಲಿಂಗರಂಗ. ಊರು ಜಗಳೂರು, ಕೃತಿ ‘ಅನುಭವಾಮೃತ’. ಮೋಕ್ಷದ ವಿಚಾರ ತಿಳಿಯಲು ಸಂಸ್ಕೃತವೇ ಏಕೆ ಬೇಕು ಎಂಬುದು ಅವನ ಪ್ರಶ್ನೆ. ಹೋಲಿಕೆಗಳನ್ನು ಗಮನಿಸಿ: ಹಣ್ಣಿನ ಸಿಪ್ಪೆ ತೆಗೆದಾಗಿದೆ, ಕಬ್ಬಿನ ಸಿಗುರು ಹೋಗಿದೆ, ಹಾಲು ಕುಡಿಯುವ ಹದಕ್ಕೆ ಆರಿದೆ. ಬಾಯಿಗಿಡುವುದಷ್ಟೇ ಬಾಕಿ. ಸರ್ಕಾರಿ ಆದೇಶ, ಬ್ಯಾಂಕಿನ ಅರ್ಜಿ ಬರೆಯುವವರು ಈ ಪದ್ಯವನ್ನು ಮೇಜಿನ ಮೇಲೇ ಇಟ್ಟುಕೊಳ್ಳಬೇಕು.

● ಅದೇ ಕನ್ನಡದಲ್ಲಿ 1967ರಲ್ಲಿ ಲೋಕಸಭೆಯಲ್ಲಿ ಮೊದಲು ಮಾತನಾಡಿದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು.

● ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪ ಬಾಲ್ಯದಲ್ಲಿ ಓದಿದ ಊರುಗಳಲ್ಲಿ ಹೊನ್ನಾಳಿಯೂ ಒಂದು. ಕಾವ್ಯದ ಅರ್ಥವೇನೆಂದು ಹುಡುಕಿದ ಅವರ ‘ಕಾವ್ಯಾರ್ಥ ಚಿಂತನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕವಿತೆಗಳಂತೂ ಭಾವಗೀತೆಗಳಾಗಿ ಮನೆಮನೆ ತಲುಪಿವೆ.

● ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ಪೌರಾಣಿಕ ನಾಟಕ ಆಡುವುದೆಂದರೆ ತಿಂಗಳುಗಟ್ಟಲೆ ತಾಲೀಮು. ಹಗಲು ಗದ್ದೆ, ರಾತ್ರಿ ಹಾರ್ಮೋನಿಯಂ ಮಾಸ್ತರರ ಮುಂದೆ ಕಂದ, ಮಟ್ಟು. ಆಟದ ರಾತ್ರಿ ಕೌರವನ ದರ್ಬಾರು ಕಾವೇರಿದಾಗಲೇ ಪಾತ್ರಧಾರಿಯ ಸೋದರಮಾವ ರಂಗವೇರಿ ಹಾರ ಹಾಕುತ್ತಾನೆ, ದುರ್ಯೋಧನನ ಎದೆಗೆ ನೋಟು ಪಿನ್ನು ಮಾಡುತ್ತಾನೆ. ಮೈಕಿನಲ್ಲಿ ಅವನ ಹೆಸರು ಕೂಗುತ್ತಾರೆ. ಮತ್ತೆ ದರ್ಬಾರು ಶುರು. ಇದನ್ನು ರಸಭಂಗ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಹಾಭಾರತದ ದಾಯಾದಿ ಜಗಳ ತಮ್ಮದೇ ಮನೆಯದೆಂದು ಬಲ್ಲವರು ಹಾಗೆ ನಡುವೆ ಎದ್ದು ಬರುತ್ತಾರೆ. ಜಮೀನು ಪಾಲಿನ ಪಂಚಾಯ್ತಿಯಲ್ಲಿ ಒಬ್ಬನನ್ನು ‘ಶಕುನಿ’ ಅಂದರೆ ಹೆಚ್ಚಿನ ವಿವರಣೆ ಯಾರಿಗೂ ಬೇಕಾಗಿಲ್ಲ.

● ಆ ಶಕುನಿಗೆ ಹಳ್ಳಿಯ ರಂಗದಲ್ಲಿ ದೊಡ್ಡ ಹೆಸರು ತಂದ ನಾಟಕಗಳಲ್ಲಿ ‘ರಕ್ತರಾತ್ರಿ’ ಒಂದು. ಬರೆದವರು ಕಂದಗಲ್ಲ ಹನುಮಂತರಾಯರು. ‘ಕರ್ನಾಟಕದ ಶೇಕ್ಸ್‌ಪಿಯರ್’ ಎಂದು ಜನ ಕರೆದದ್ದು ಅವರನ್ನೇ.

● ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ತಾವೇ ನಾಟಕ ಬರೆದು ಆಡಿಸಿದವರು. 12ನೇ ಶತಮಾನದ ಶರಣರ ಕಥೆಯ ‘ಮರಣವೇ ಮಹಾನವಮಿ’ ಅವರದೇ. ಆ ಹಾದಿಯಲ್ಲಿ ಸಾಣೇಹಳ್ಳಿಯ ‘ಶಿವಸಂಚಾರ’ ತಂಡ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಿದೆ.