ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಕಸುಬು

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ಭಾಗದಲ್ಲಿ ಒಕೀಚೋಬಿ ಎಂಬ ಸರೋವರವಿದೆ. ಹರವು ಸುಮಾರು 1,900 ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಚಿಕ್ಕದು ಅಷ್ಟೇ. ಆದರೆ ಸರಾಸರಿ ಆಳ ಬರೀ 9 ಅಡಿ. ಪಡುವಣ ದಡದ ಉದ್ದಕ್ಕೂ ಆಪು, ಜೊಂಡು, ನೈದಿಲೆಗಳ ಜವುಗು ಮೈಲಿಗಟ್ಟಲೆ ಹಬ್ಬಿದೆ. ದೋಣಿಯಲ್ಲಿ ಅದರೊಳಗೆ ಹೊಕ್ಕವರಿಗೆ ಎತ್ತ ತಿರುಗಿದರೂ ಅದೇ ಹಸಿರು, ಅದೇ ಕಂದು ನೀರು. ಇಷ್ಟು ದೊಡ್ಡ ಜವುಗಿನಲ್ಲಿ ದೊಡ್ಡ ಮೀನು ನಿಲ್ಲುವ ಜಾಗಗಳು ಕೆಲವೇ. ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇರುತ್ತದೆಂಬ ಭರವಸೆಯೂ ಇಲ್ಲ. ಈ ಬೆಳಿಗ್ಗೆ, ಈ ಗಾಳಿಗೆ, ಈ ನೀರಿನ ಮಟ್ಟಕ್ಕೆ ಮೀನು ಎಲ್ಲಿದ್ದೀತು ಎಂದು ಊಹಿಸಿ, ಗಾಳ ಹಾಕಲು ಬಂದವರನ್ನು ಅಲ್ಲಿಗೆ ಕರೆದೊಯ್ಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಬಾಸ್ ಗೈಡ್‌ಗಳು.

ಅವರು ಬೆನ್ನು ಹತ್ತುವ ಮೀನಿನ ಹೆಸರು ಲಾರ್ಜ್‌ಮೌತ್ ಬಾಸ್. ಹೆಸರಿಗೆ ತಕ್ಕಂತೆ ಬಾಯಿ ದೊಡ್ಡದು. ಮೇಲ್ದವಡೆ ಕಣ್ಣಿನ ಹಿಂದಿನವರೆಗೂ ಚಾಚಿರುತ್ತದೆ. ನಮ್ಮ ಕೆರೆಗಳ ಕೊರವ ಮೀನಿನ ಹಾಗೆ ಇದೂ ಹೊಂಚು ಹಾಕುವ ಜಾತಿ. ಜೊಂಡಿನ ಅಂಚಿನಲ್ಲಿ, ಮುಳುಗಿದ ಮರದ ಬುಡದಲ್ಲಿ, ನೈದಿಲೆ ಎಲೆಗಳ ನೆರಳಿನಲ್ಲಿ ಮಿಸುಕಾಡದೆ ನಿಂತಿರುತ್ತದೆ. ಚಿಕ್ಕ ಮೀನೋ ಕಪ್ಪೆಯೋ ಸೀಗಡಿಯೋ ಹತ್ತಿರ ಸುಳಿದರೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಫ್ಲಾರಿಡಾದ ಬಾಸ್ ಉಳಿದ ಕಡೆಯದಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ ಎಂಬುದು ಗಾಳಗಾರರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಇತ್ತೀಚೆಗೆ ವಂಶವಾಹಿಗಳ ಅಧ್ಯಯನವಾದ ಮೇಲೆ ವಿಜ್ಞಾನಿಗಳು ಅದನ್ನು ಬೇರೆಯೇ ಪ್ರಭೇದವೆಂದು ಗುರುತಿಸಿದ್ದಾರೆ.

ಈ ಬೇಟೆಗೆ ಜೋಡಿ ಬೇಕು ಎಂಬುದೂ ಹಳೆಯ ತಿಳಿವಳಿಕೆ. 1770ರ ದಶಕದಲ್ಲಿ ಫ್ಲಾರಿಡಾ ಸುತ್ತಿದ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್‌ಟ್ರಮ್, 1791ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅಲ್ಲಿಯ ಜನ ಈ ಮೀನು ಹಿಡಿಯುತ್ತಿದ್ದ ಬಗೆಯನ್ನು ವಿವರಿಸಿದ್ದಾನೆ. ಚಿಕ್ಕ ದೋಣಿಯಲ್ಲಿ ಇಬ್ಬರು. ಒಬ್ಬ ಹಿಂದೆ ಕೂತು ದಡದ ಗಿಡಗಂಟಿಗೆ ಒತ್ತಿಕೊಂಡಂತೆ ಸದ್ದಿಲ್ಲದೆ ದೋಣಿ ನಡೆಸುತ್ತಾನೆ. ಮುಂದಿರುವವನ ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಮೊಳದುದ್ದಕ್ಕಿಂತ ತುಸು ಹೆಚ್ಚಿನ ದಾರ, ದಾರಕ್ಕೆ ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿದ ಮೂರು ಗಾಳಗಳು. ಗಾಳಕ್ಕೆ ಜಿಂಕೆ ಬಾಲದ ಬಿಳಿ ಕೂದಲು, ಕೆಂಪು ಬಟ್ಟೆಯ ಚೂರು, ಬಣ್ಣದ ಗರಿಗಳ ಹೊದಿಕೆ. ಎರೆಯೇ ಇಲ್ಲ. ನೀರಿನ ಮೇಲೆ ಅದನ್ನು ಕುಣಿಸುತ್ತ ಹೋದರೆ ಮರೆಯಿಂದ ಬಾಸ್ ಹಾರಿ ಹಿಡಿಯುತ್ತಿತ್ತು. ದೋಣಿ ನಡೆಸುವವನಿಗೆ ದಡ ಗೊತ್ತಿರಬೇಕು, ಕೋಲು ಹಿಡಿದವನಿಗೆ ಕೈ ಚುರುಕಿರಬೇಕು. ಇಂದಿನ ಗೈಡ್ ಪ್ರವಾಸದಲ್ಲೂ ಕೆಲಸ ಹಂಚಿಕೆಯಾಗಿರುವುದು ಹೀಗೆಯೇ.

ಇವತ್ತಿನ ದೋಣಿ ಬೇರೆ. ಬಾಸ್‌ಗೆಂದೇ ರೂಪಿಸಿದ ಚಪ್ಪಟೆ ದೋಣಿಯನ್ನು 1948ರಲ್ಲಿ ಲೂಸಿಯಾನದ ಹೋಮ್ಸ್ ಥರ್ಮನ್ ಕಟ್ಟಿದ. ಈಗಿನವಕ್ಕೆ ಹಿಂದೆ ಭಾರಿ ಎಂಜಿನ್ನು, ಮುಂದೆ ಬ್ಯಾಟರಿಯಿಂದ ಓಡುವ ಚಿಕ್ಕ ಮೋಟಾರು. ಜಾಗ ಹತ್ತಿರವಾದ ಕೂಡಲೇ ದೊಡ್ಡ ಎಂಜಿನ್ನು ನಿಲ್ಲಿಸಿ, ಈ ಚಿಕ್ಕ ಮೋಟಾರಿನಿಂದ ಗೈಡ್ ದೋಣಿಯನ್ನು ಜೊಂಡಿನ ಬದಿಗೆ ತೇಲಿಸಿಕೊಂಡು ಹೋಗುತ್ತಾನೆ. ಹಣ ಪಡೆದು ಜನರನ್ನು ಒಕೀಚೋಬಿಯಂಥ ನೀರಿನ ಮೇಲೆ ಕರೆದೊಯ್ಯಲು ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಕ್ಯಾಪ್ಟನ್ ಲೈಸೆನ್ಸ್ ಬೇಕು. ಅದನ್ನು ಪಡೆಯಲು ದೋಣಿ ನಡೆಸಿದ 360 ದಿನಗಳ ಅನುಭವವನ್ನು ದಾಖಲೆ ಸಮೇತ ತೋರಿಸಬೇಕು.

ಗೈಡ್‌ನ ಕೈಚಳಕವೆಲ್ಲ ಕಾಣುವುದು ಶೈನರ್ ಎಂಬ ಎರೆಮೀನಿನ ವಿಷಯದಲ್ಲಿ. ಹೊನ್ನಿನ ಬಣ್ಣದ, ಅಂಗೈಗಿಂತ ತುಸು ಉದ್ದದ ಈ ಮೀನು ಅದೇ ಸರೋವರಗಳಲ್ಲಿ ಬಾಸ್‌ನ ಸಹಜ ಆಹಾರ. ಧಾನ್ಯ ಚೆಲ್ಲಿ ಒಂದೆಡೆ ಸೇರಿಸಿ, ಬೀಸುಬಲೆ ಹಾಕಿ ಹಿಡಿಯುತ್ತಾರೆ. ಕೆಲವು ಗೈಡ್‌ಗಳು ಇದನ್ನೂ ತಾವೇ ಮಾಡಿಕೊಳ್ಳುತ್ತಾರೆ, ಉಳಿದವರು ಎರೆ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸಾಕಿದ ಶೈನರ್ ಅಗ್ಗ, ಆದರೆ ಅನುಭವಿ ಗೈಡ್‌ಗಳು ಅದನ್ನು ಒಪ್ಪುವುದಿಲ್ಲ. ತೊಟ್ಟಿಯಲ್ಲಿ ಬೆಳೆದ ಮೀನಿಗೆ ಬಾಸ್ ಅಂದರೆ ಏನೆಂದು ಗೊತ್ತಿಲ್ಲ, ಅದು ಹೆದರುವುದಿಲ್ಲ. ಅವರಿಗೆ ಬೇಕಾಗಿರುವುದೇ ಆ ಹೆದರಿಕೆ. ಶೈನರ್‌ನ ತುಟಿಗೋ ಬೆನ್ನಿಗೋ ಗಾಳ ಚುಚ್ಚಿ, ಮೇಲೊಂದು ಬೆಂಡು ಕಟ್ಟಿ ಜೊಂಡಿನ ಬದಿಗೆ ಬಿಡುತ್ತಾರೆ. ಬೆಂಡು ಸುಮ್ಮನೆ ತೇಲುತ್ತಿರುತ್ತದೆ. ಇದ್ದಕ್ಕಿದ್ದಂತೆ ನಡುಗತೊಡಗುತ್ತದೆ, ಒಂದು ಬದಿಗೆ ಓಡುತ್ತದೆ, ಕೆಲವೊಮ್ಮೆ ಶೈನರ್ ನೀರಿನಿಂದಲೇ ಚಿಮ್ಮುತ್ತದೆ. ಕೆಳಗೆ ದೊಡ್ಡದೊಂದು ಬಂದಿದೆ ಎಂದರ್ಥ. ಹೊಸಬರು ಆಗಲೇ ಕೋಲು ಎಳೆದುಬಿಡುತ್ತಾರೆ. ತಡೆ ಎನ್ನುತ್ತಾನೆ ಗೈಡ್. ಬೆಂಡು ಪೂರ್ತಿ ಮುಳುಗಿ ದಾರ ಬಿಗಿಯಾಗುವವರೆಗೆ ಕಾಯಬೇಕು. ಹಾಗೆಂದು ಹೆಚ್ಚು ಕಾದರೆ ಮೀನು ಗಾಳವನ್ನು ಗಂಟಲಿನವರೆಗೂ ನುಂಗಿರುತ್ತದೆ. ಅಂಥದ್ದು ಬಿಟ್ಟರೂ ಬದುಕುವುದು ಕಷ್ಟ. ಈ ಎರಡರ ನಡುವಿನ ಕೆಲವೇ ಕ್ಷಣಗಳನ್ನು ಕಲಿಸುವುದರಲ್ಲಿಯೇ ಗೈಡ್‌ನ ಅರ್ಧ ದಿನ ಕಳೆಯುತ್ತದೆ.

ಜೀವಂತ ಎರೆ ಬೇಡ ಎನ್ನುವವರಿಗೆ ಪ್ಲಾಸ್ಟಿಕ್ ಹುಳುವಿದೆ. 1949ರಲ್ಲಿ ಒಹಾಯೊದ ಆಕ್ರನ್ ಊರಿನ ನಿಕ್ ಕ್ರೀಮ್ ಎಂಬಾತ ಮನೆಯಲ್ಲೇ ಪ್ಲಾಸ್ಟಿಕ್ ಕುದಿಸಿ, ಅಚ್ಚಿಗೆ ಹೊಯ್ದು ಮಾಡಿದ್ದು ಇದು. ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿದರೆ ಎಂಥ ಜೊಂಡಿನ ನಡುವೆಯೂ ಸಿಕ್ಕಿಕೊಳ್ಳದೆ ಜಾರುತ್ತದೆ.

ಆದರೆ ಎರೆಗಿಂತ ಮುಖ್ಯವಾದ ವಿದ್ಯೆಯೊಂದಿದೆ. ದಕ್ಷಿಣ ಕೆರೊಲೈನಾದ ಸ್ಯಾಂಟೀ ಕೂಪರ್ ಸರೋವರಗಳಲ್ಲಿ ಗೈಡ್ ಆಗಿ ಬದುಕು ಆರಂಭಿಸಿದ ರೋಲಂಡ್ ಮಾರ್ಟಿನ್ ಅದಕ್ಕೆ ಪ್ಯಾಟರ್ನ್ ಎಂದು ಹೆಸರಿಟ್ಟರು. ಮೀನು ಸಿಕ್ಕ ಜಾಗವನ್ನು ನೆನಪಿಟ್ಟರೆ ಸಾಲದು, ಅದು ಅಲ್ಲಿ ಯಾಕೆ ಇತ್ತು ಎಂದು ಕೇಳಿಕೊಳ್ಳಬೇಕು. ನೀರಿನ ಆಳ, ಬಿಸಿ, ಬಣ್ಣ, ಬಿಸಿಲು, ಗಿಡದ ಜಾತಿ ಇವನ್ನೆಲ್ಲ ಗಮನಿಸಿ, ಅದೇ ಲಕ್ಷಣಗಳಿರುವ ಬೇರೆ ಜಾಗಗಳನ್ನು ಹುಡುಕಿಕೊಂಡು ಹೋಗಬೇಕು. ಈ ವಿದ್ಯೆಯ ಬಲದಿಂದ ಮಾರ್ಟಿನ್ ಬಾಸ್ ಪಂದ್ಯಗಳಲ್ಲಿ ವರ್ಷದ ಶ್ರೇಷ್ಠ ಗಾಳಗಾರ ಪ್ರಶಸ್ತಿಯನ್ನು 9 ಬಾರಿ ಗೆದ್ದರು. ನನಗೆ ಈ ಕಸುಬಿನ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಓದು ಕಡಿಮೆಯಿರುವ ಗೈಡ್ ಕೂಡ ಒಂದು ಸರೋವರದ ಜೀವಿಶಾಸ್ತ್ರವನ್ನು ದಿನವೂ ಪರೀಕ್ಷೆಗೆ ಒಡ್ಡುತ್ತಿರುತ್ತಾನೆ. ತಪ್ಪಾದರೆ ಅಂದಿನ ಗಿರಾಕಿ ಮತ್ತೆ ಬರುವುದಿಲ್ಲ.

ಹಿಡಿದ ಮೀನನ್ನು ಏನು ಮಾಡುತ್ತಾರೆ? ಬಾಸ್‌ನ ವಿಶ್ವದಾಖಲೆ ನಿರ್ಮಾಣವಾದದ್ದು 1932ರ ಜೂನ್ 2ರಂದು, ಜಾರ್ಜಿಯಾ ರಾಜ್ಯದ ಮಾಂಟ್‌ಗೊಮರಿ ಸರೋವರದಲ್ಲಿ. ಜಾರ್ಜ್ ಪೆರ್ರಿ ಎಂಬ ಯುವ ರೈತ ಹಿಡಿದ ಆ ಮೀನು 22 ಪೌಂಡು 4 ಔನ್ಸ್, ಅಂದರೆ ಹತ್ತು ಕಿಲೋ ದಾಟಿತ್ತು. ಆರ್ಥಿಕ ಕುಸಿತದ ಕಾಲ; ಮೀನನ್ನು ತೂಗಿಸಿ ದಾಖಲು ಮಾಡಿ, ಮನೆಗೊಯ್ದು ಎಲ್ಲರೂ ಸೇರಿ ತಿಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಾರು, ಮೋಟಾರು ದೋಣಿ, ಆಳ ತೋರಿಸುವ ಯಂತ್ರ ಎಲ್ಲವೂ ಜನಸಾಮಾನ್ಯರ ಕೈಗೆ ಬಂದ ಮೇಲೆ ಎಲ್ಲರೂ ಹೀಗೆ ಮಾಡಿದ್ದರೆ ಸರೋವರಗಳಲ್ಲಿ ದೊಡ್ಡ ಮೀನು ಉಳಿಯುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಬಾಸ್ ಗಾಳಗಾರರ ಸಂಘ ಕಟ್ಟಿದ ರೇ ಸ್ಕಾಟ್, 1972ರಲ್ಲಿ ತನ್ನ ಪಂದ್ಯಗಳಲ್ಲಿ ಮೀನನ್ನು ಜೀವಂತ ತಂದು, ತೂಗಿ, ಮತ್ತೆ ಬಿಡುವ ನಿಯಮ ತಂದ. ಅದಕ್ಕಾಗಿ ದೋಣಿಗಳಲ್ಲಿ ಗಾಳಿಯಾಡುವ ನೀರಿನ ತೊಟ್ಟಿಗಳು ಬಂದವು.

ಆಮೇಲಿನ ದೊಡ್ಡ ತಿರುವು ತಂದವನು ಒಬ್ಬ ಗೈಡ್. 1986ರ ನವೆಂಬರಿನಲ್ಲಿ ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ ಮಾರ್ಕ್ ಸ್ಟೀವನ್ಸನ್‌ಗೆ 17.67 ಪೌಂಡಿನ ಹೆಣ್ಣು ಬಾಸ್ ಸಿಕ್ಕಿತು. ಆತ ಅದನ್ನು ಕೊಲ್ಲದೆ ರಾಜ್ಯದ ವನ್ಯಜೀವಿ ಇಲಾಖೆಗೆ ಕೊಟ್ಟ. ಎಥೆಲ್ ಎಂದು ಹೆಸರು ಪಡೆದ ಆ ಮೀನು 1994ರವರೆಗೆ ಮಿಸ್ಸೌರಿಯ ಅಂಗಡಿಯೊಂದರ ಗಾಜಿನ ತೊಟ್ಟಿಯಲ್ಲಿ ಬದುಕಿತ್ತು. ನೋಡಿದವರಿಗೆಲ್ಲ ದೊಡ್ಡ ಮೀನು ಜೀವಂತವಾಗಿದ್ದರೆ ಎಷ್ಟು ಬೆಲೆಬಾಳುತ್ತದೆ ಎಂಬುದು ಕಣ್ಣಾರೆ ತಿಳಿಯಿತು. ಫ್ಲಾರಿಡಾ ರಾಜ್ಯ 2012ರಲ್ಲಿ ಟ್ರೋಫಿಕ್ಯಾಚ್ ಎಂಬ ಯೋಜನೆ ಆರಂಭಿಸಿತು: 8 ಪೌಂಡು ಮೀರಿದ ಬಾಸ್ ಹಿಡಿದು, ತಕ್ಕಡಿಯಲ್ಲಿ ತೂಗುತ್ತಿರುವ ಫೋಟೊ ತೆಗೆದು, ಬಿಟ್ಟರೆ ಬಹುಮಾನ. ಫ್ಲಾರಿಡಾದಲ್ಲಿ ಹೆಣ್ಣು ಬಾಸ್ 10 ಪೌಂಡು ತೂಗಲು ಹತ್ತು ವರ್ಷದ ಹತ್ತಿರ ಬೇಕು. ಒಂದೂಟಕ್ಕೆ ಕೊಂದರೆ ಹತ್ತು ವರ್ಷ ಹೋಯಿತು. ಬಿಟ್ಟರೆ ಮುಂದಿನ ತಿಂಗಳು ಅದೇ ಮೀನು ಇನ್ನೊಬ್ಬ ಗಿರಾಕಿಯನ್ನು ಕರೆತರುತ್ತದೆ. ಗೈಡ್‌ಗಳ ಸಂಸಾರ ಸಾಗುವುದು ಈ ಲೆಕ್ಕದ ಮೇಲೆ.

ಆದರೂ ಒಂದು ವಿಷಯದಲ್ಲಿ ನನಗೆ ಈ ಕಸುಬಿನ ಜೊತೆ ತಕರಾರಿದೆ. ಫ್ಲಾರಿಡಾದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಬಾಸ್ ಮೊಟ್ಟೆ ಇಡುವ ಕಾಲ. ಗೈಡ್‌ಗಳಿಗೂ ಅದೇ ಸುಗ್ಗಿ. ಗಂಡು ಮೀನು ಬಾಲದಿಂದ ತಳದ ಕೆಸರು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವುದು ಗಂಡೇ. ತಿಳಿನೀರಿನಲ್ಲಿ ಗೂಡು ಮೇಲಿನಿಂದಲೇ ಕಾಣುತ್ತದೆ, ಕಾವಲಿನ ಮೀನು ಎದುರಿಗೆ ಬಂದದ್ದನ್ನೆಲ್ಲ ಕಚ್ಚುತ್ತದೆ. ಅದನ್ನು ಹಿಡಿದು ಫೋಟೊಕ್ಕೆ ನಿಲ್ಲಿಸುವಷ್ಟರಲ್ಲಿ ಸುತ್ತ ಕಾದಿರುವ ಚಿಕ್ಕ ಮೀನುಗಳು ಮೊಟ್ಟೆಗಳನ್ನು ಮುಗಿಸಿಬಿಡಬಹುದು. ಕಾನೂನು ಇದಕ್ಕೆ ಅಡ್ಡಿ ಮಾಡುವುದಿಲ್ಲ. ಗೂಡಿನ ಮೀನಿಗೆ ಗಾಳ ಹಾಕದ ಗೈಡ್‌ಗಳೂ ಇದ್ದಾರೆ. ನನ್ನ ಒಲವು ಅವರ ಕಡೆಗೆ.

ಮೀನನ್ನು ಬಿಡುವುದು ಸುಲಭದ ಭಾಗ. ನೀರನ್ನು ಉಳಿಸಿಕೊಳ್ಳುವುದು ಯಾವ ಗೈಡ್‌ನ ಕೈಯಲ್ಲೂ ಇಲ್ಲ. ಒಕೀಚೋಬಿ ಹಿಂದೆ ತುಂಬಿದಾಗ ದಕ್ಷಿಣಕ್ಕೆ ಕೋಡಿ ಹರಿದು ಎವರ್‌ಗ್ಲೇಡ್ಸ್ ಜವುಗನ್ನು ಸೇರುತ್ತಿತ್ತು. 1928ರ ಸೆಪ್ಟೆಂಬರಿನ ಚಂಡಮಾರುತಕ್ಕೆ ಆಗ ಇದ್ದ ಮಣ್ಣಿನ ಏರಿ ಒಡೆದು ಕನಿಷ್ಠ 2,500 ಜನ ಸತ್ತರು. ಬಹುಪಾಲು ಕಪ್ಪು ಜನಾಂಗದ ಕೃಷಿ ಕೂಲಿಗಳು. ಅದಾದ ಮೇಲೆ ಸರೋವರದ ಸುತ್ತ ಹರ್ಬರ್ಟ್ ಹೂವರ್ ಹೆಸರಿನ, 143 ಮೈಲಿ ಉದ್ದದ ದೈತ್ಯ ಏರಿ ಎದ್ದಿತು. ಈಗ ನೀರಿನ ಮಟ್ಟ ಎಷ್ಟಿರಬೇಕೆಂದು ಸೇನೆಯ ಎಂಜಿನಿಯರುಗಳು ತೂಬುಗಳ ಮೂಲಕ ತೀರ್ಮಾನಿಸುತ್ತಾರೆ. ದಕ್ಷಿಣದ ಕಬ್ಬಿನ ಗದ್ದೆಗಳಿಗೆ ನೀರು ಬೇಕು. ಹೆಚ್ಚಾದದ್ದನ್ನು ಕಾಲುವೆಯಲ್ಲಿ ಬಿಟ್ಟರೆ ಕರಾವಳಿಯವರ ಅಳಿವೆಗಳು ಹಾಳಾಗುತ್ತವೆ. ಬಿಡದೆ ಮಟ್ಟ ಏರಿಸಿದರೆ ಬಿಸಿಲು ತಳ ಮುಟ್ಟದೆ ನೀರೊಳಗಿನ ಗಿಡಗಳು ಸಾಯುತ್ತವೆ. ಗಿಡ ಹೋದರೆ ಬಾಸ್ ಮರಿಗಳಿಗೆ ಆಸರೆಯಿಲ್ಲ. ಉತ್ತರದ ದನದ ಫಾರಂ, ಹೊಲಗಳಿಂದ ಹರಿದುಬರುವ ರಂಜಕ ಬೇರೆ. 2016 ಮತ್ತು 2018ರ ಬೇಸಿಗೆಗಳಲ್ಲಿ ವಿಷಪಾಚಿ ಹಬ್ಬಿ ಸರೋವರವೇ ಹಸಿರು ಬಣ್ಣ ಬಳಿದಂತಾಗಿತ್ತು.

ಗಿಡಗಳ ಜಗಳದಲ್ಲಿ ನಮ್ಮ ಕಡೆಯದೊಂದೂ ಇದೆ. ಹೈಸ್ಕೂಲಿನಲ್ಲಿ ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಬೀಕರಿನಲ್ಲಿ ಮುಳುಗಿಸುತ್ತಿದ್ದ ಹೈಡ್ರಿಲ್ಲಾ ನೆನಪಿರಬಹುದು. ದಕ್ಷಿಣ ಏಷ್ಯಾದ ಆ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿ, ಸರೋವರಗಳನ್ನೇ ಮುಚ್ಚುವಷ್ಟು ಬೆಳೆಯಿತು. ದೋಣಿ ಓಡಿಸುವವರು, ಕಾಲುವೆ ನೋಡಿಕೊಳ್ಳುವವರು ಅದನ್ನು ಕಂಡರೆ ಉರಿದುಬೀಳುತ್ತಾರೆ. ಬಾಸ್ ಅಡಗಲು ಒಳ್ಳೆಯ ಮರೆ ಎಂದು ಗೈಡ್‌ಗಳಿಗೆ ಮಾತ್ರ ಅದರ ಮೇಲೆ ಪ್ರೀತಿ. ಕಳೆನಾಶಕ ಸಿಂಪಡಿಸುವುದರ ವಿರುದ್ಧ ಕೂಗು ಎದ್ದು, 2019ರ ಆರಂಭದಲ್ಲಿ ರಾಜ್ಯವು ಸಿಂಪಡಣೆಯನ್ನೇ ಕೆಲಕಾಲ ನಿಲ್ಲಿಸಿ ಜನರ ಅಹವಾಲು ಕೇಳಬೇಕಾಯಿತು.

ಒಳ್ಳೆಯ ಸುದ್ದಿ ಕಿಸ್ಸಿಮ್ಮಿ ನದಿಯಿಂದ ಬಂದಿದೆ. ಒಕೀಚೋಬಿಗೆ ನೀರು ತರುವ ಈ ನದಿ 103 ಮೈಲಿ ಅಂಕುಡೊಂಕಾಗಿ ಹರಿಯುತ್ತಿತ್ತು. 1962ರಿಂದ 1971ರವರೆಗೆ ಪ್ರವಾಹ ತಡೆಯುವ ಹೆಸರಿನಲ್ಲಿ ಅದನ್ನು 56 ಮೈಲಿಯ ನೇರ ಕಾಲುವೆ ಮಾಡಿದರು. ಜವುಗು ಒಣಗಿತು, ಹಕ್ಕಿಗಳು ಹೋದವು, ನೀರಿನಲ್ಲಿ ಆಮ್ಲಜನಕ ಇಳಿದು ಬಾಸ್ ಕಡಿಮೆಯಾಯಿತು. 1999ರಲ್ಲಿ ಆ ಕಾಲುವೆಯ ನಡುಭಾಗವನ್ನು ಮಣ್ಣು ತುಂಬಿ ಮುಚ್ಚಲು ತೊಡಗಿದರು. 2021ರಲ್ಲಿ ಕೆಲಸ ಮುಗಿದಾಗ 44 ಮೈಲಿಯಷ್ಟು ನದಿ ಹಳೆಯ ಪಾತ್ರಕ್ಕೆ ಮರಳಿತ್ತು. ಹಕ್ಕಿಗಳೂ ಬಾಸ್ ಕೂಡ ಮರಳಿವೆ.

ತೇಜಸ್ವಿಯವರನ್ನು ಓದಿದವರಿಗೆ ಗಾಳದ ಹುಚ್ಚು ಹೊಸದಲ್ಲ. ಹಿಡಿದು ಬಿಡುವುದೂ ನಮಗೆ ಹೊಸದಲ್ಲ: ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಮೀನಿಗಾಗಿ ಇಂಥದೇ ಪ್ರವಾಸಗಳು ದಶಕಗಳ ಕಾಲ ನಡೆದವು, ಸ್ಥಳೀಯರು ಗೈಡ್‌ಗಳಾಗಿ ದುಡಿದರು. ವನ್ಯಧಾಮದೊಳಗೆ ಗಾಳ ಹಾಕುವುದು ಈಗ ನಿಂತಿದೆ. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿದೆ. ಹಾಗೆಂದು ಬಾಸ್ ಮೀನನ್ನು ನಮ್ಮ ಕೆರೆಗೆ ತರುವ ಆಸೆ ಯಾರಿಗೂ ಬರಬಾರದು. ಪೆರ್ರಿಯ ದಾಖಲೆಯನ್ನು ಸರಿಗಟ್ಟಿದ ಮೀನು 2009ರಲ್ಲಿ ಮನಾಬು ಕುರಿಟಾ ಎಂಬವರಿಗೆ ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿ. ಅದೇ ಜಪಾನು ಬಾಸ್ ತನ್ನ ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತಿದೆ ಎಂದು 2005ರಲ್ಲೇ ಅದರ ಸಾಕಣೆ, ಸಾಗಣೆಗಳನ್ನು ನಿಷೇಧಿಸಿತ್ತು.

ಒರ್ಲ್ಯಾಂಡೊ, ಟ್ಯಾಂಪಾಗಳಲ್ಲಿ ಮಕ್ಕಳ ಮನೆಗೆ ಹೋಗುವ ಕನ್ನಡಿಗರು ಡಿಸ್ನಿ ನೋಡಿ ಬರುತ್ತಾರೆ. ಅದರ ಸನಿಹದಲ್ಲೇ, ಕಿಸ್ಸಿಮ್ಮಿ ಪಟ್ಟಣಕ್ಕೆ ತಾಗಿಕೊಂಡು, ಟೊಹೊಪೆಕಲೈಗಾ ಸರೋವರವಿದೆ; 2001ರ ಜನವರಿಯಲ್ಲಿ ಡೀನ್ ರೋಹಾಸ್ ಒಂದೇ ದಿನ ಐದು ಬಾಸ್‌ಗಳಿಂದ 45 ಪೌಂಡು 2 ಔನ್ಸ್ ತೂಗಿಸಿ ದಾಖಲೆ ಮಾಡಿದ್ದು ಇಲ್ಲೇ. ಅರ್ಧ ದಿನದ ಪ್ರವಾಸಕ್ಕೆ ಕೆಲವು ನೂರು ಡಾಲರ್ ಆಗುತ್ತದೆ, ಶೈನರ್‌ಗಳ ಹಣ ಸಾಮಾನ್ಯವಾಗಿ ಬೇರೆ. ಮೀನು ಹಿಡಿಯುವ ಪರವಾನಗಿಯನ್ನು ನೀವೇ ಮಾಡಿಸಿಕೊಳ್ಳಬೇಕು. ಗೈಡ್ ಗೊತ್ತುಮಾಡುವಾಗ ಒಂದು ಪ್ರಶ್ನೆ ಕೇಳಿ: ಗೂಡು ಕಾಯುವ ಮೀನಿಗೆ ಗಾಳ ಹಾಕಿಸುತ್ತೀರಾ? ಇಲ್ಲ ಎನ್ನುವವರ ದೋಣಿಯನ್ನೇ ಹತ್ತಿ.