ವಾಸನೆ ನಿಂತಿತೆಂದು ತೊಟ್ಟಿಗೆ ಇಳಿಯಬೇಡಿ

ಬಚ್ಚಲಿನಿಂದ, ಅಡುಗೆಮನೆಯಿಂದ, ಶೌಚಾಲಯದಿಂದ ಹರಿದುಹೋದ ನೀರು ಕಣ್ಣಿಗೆ ಮರೆಯಾದ ಕೂಡಲೇ ನಾವು ಅದನ್ನು ಮರೆತುಬಿಡುತ್ತೇವೆ. ಆದರೆ ಅದನ್ನು ಮರೆಯುವಂತಿಲ್ಲದ ಒಬ್ಬ ವ್ಯಕ್ತಿ ಇರುತ್ತಾನೆ. ಅವನೇ ಕೊಳಚೆ ನೀರು ಶುದ್ಧೀಕರಣ ಘಟಕದ ಆಪರೇಟರ್. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕದಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಿದೆ. ಹಗಲು ರಾತ್ರಿ ಪಾಳಿಯ ಮೇಲೆ ದುಡಿಯುವ ಇಂಥವರಿಲ್ಲದೆ ಇದು ಸಾಧ್ಯವಿಲ್ಲ. ನಮ್ಮ ಆರೋಗ್ಯವನ್ನು ಕಾಯುವ ಇವರ ಆರೋಗ್ಯದ ಬಗ್ಗೆ ಈ ವಾರ ತಿಳಿದುಕೊಳ್ಳೋಣ.

ಘಟಕದಲ್ಲಿ ನಡೆಯುವುದೇನು?

ಹರಿದು ಬಂದ ಕೊಳಚೆ ನೀರು ಮೊದಲು ಜಾಲರಿಯ ಮೂಲಕ ಹಾಯುತ್ತದೆ. ಬಟ್ಟೆ, ಪ್ಲಾಸ್ಟಿಕ್, ಕಡ್ಡಿಕಸ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಮುಂದಿನ ತೊಟ್ಟಿಗಳಲ್ಲಿ ಮರಳು, ಕೆಸರು ತಳಕ್ಕೆ ಇಳಿಯುತ್ತವೆ. ಆಮೇಲೆ ನೀರಿಗೆ ಗಾಳಿ ಊದಲಾಗುತ್ತದೆ. ಗಾಳಿ ಸಿಕ್ಕ ಸೂಕ್ಷ್ಮಾಣುಗಳು ಹುಲುಸಾಗಿ ಬೆಳೆದು ಕೊಳೆಯನ್ನು ತಿಂದುಹಾಕುತ್ತವೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಪ್ರಕಟಪಡಿಸಿದ ಈ ವಿಧಾನವೇ ಇಂದಿಗೂ ಜಗತ್ತಿನ ಅನೇಕ ಘಟಕಗಳಿಗೆ ಆಧಾರ.

ಗಾಳಿ ಆಡುವ ಕಡೆ ಕೊಳೆಯನ್ನು ತಿನ್ನುವ ಸೂಕ್ಷ್ಮಾಣುಗಳು ನಮಗೆ ಮಿತ್ರರು. ಗಾಳಿ ಇಲ್ಲದ ಕಡೆ, ಅಂದರೆ ಮುಚ್ಚಿದ ಬಾವಿ, ಕೊಳವೆ, ಕೆಸರಿನ ತೊಟ್ಟಿಗಳಲ್ಲಿ ಬೇರೆ ಬಗೆಯ ಸೂಕ್ಷ್ಮಾಣುಗಳು ಬೆಳೆದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಉಂಟುಮಾಡುತ್ತವೆ.

ಮೂಗನ್ನೇ ಮಂಕಾಗಿಸುವ ಅನಿಲ

ಕೊಳೆತ ಮೊಟ್ಟೆಯ ದುರ್ವಾಸನೆ ಈ ಅನಿಲದ ಗುರುತು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ ಪ್ರಮಾಣ 100 ಭಾಗದಷ್ಟಾದರೆ ಕೆಲವೇ ನಿಮಿಷಗಳಲ್ಲಿ ವಾಸನೆ ಗ್ರಹಿಸುವ ಶಕ್ತಿಯೇ ಕುಂದಿಹೋಗುತ್ತದೆ. ಅನಿಲ ಅಲ್ಲೇ ಇರುತ್ತದೆ, ವಾಸನೆ ಮಾತ್ರ ಇಲ್ಲವಾಗುತ್ತದೆ. “ಈಗ ವಾಸನೆ ಹೋಯಿತು, ಪರವಾಗಿಲ್ಲ” ಎಂದು ಕೆಲಸಗಾರ ಒಳಗಿಳಿಯುವುದು ಇಂಥ ಗಳಿಗೆಯಲ್ಲೇ.

ಪ್ರಮಾಣ 700 ಭಾಗಕ್ಕೂ ಮೀರಿದರೆ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಬಹುದು. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳದಂತೆ ಈ ಅನಿಲ ತಡೆಯುತ್ತದೆ. ಕೂಗಿ ಕರೆಯಲೂ ಸಮಯವಿರುವುದಿಲ್ಲ. ಇದು ಗಾಳಿಗಿಂತ ಭಾರವಾದ್ದರಿಂದ ತೊಟ್ಟಿಯ ತಳದಲ್ಲೇ ನಿಂತಿರುತ್ತದೆ. ಮೇಲೆ ನಿಂತವನಿಗೆ ಏನೂ ಆಗದಿದ್ದರೂ ನಾಲ್ಕು ಮೆಟ್ಟಿಲು ಇಳಿದವನು ಕುಸಿದು ಬೀಳುತ್ತಾನೆ. ಕೆಸರನ್ನು ಕೋಲಿನಿಂದ ಕದಡಿದರೂ ಅಡಗಿದ್ದ ಅನಿಲ ಒಮ್ಮೆಲೇ ಮೇಲೇಳಬಹುದು.

ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದರಿಂದಾಗಲಿ, ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳುವುದರಿಂದಾಗಲಿ ಪ್ರಯೋಜನವಿಲ್ಲ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ರೂಢಿಯಂತೂ ಅತ್ಯಂತ ಅಪಾಯಕಾರಿ. ಅಲ್ಲಿ ಮೀಥೇನ್ ಅನಿಲವೂ ಇರುವುದರಿಂದ ಸ್ಫೋಟವಾಗಬಹುದು. ನಂಬಬೇಕಾದದ್ದು ಅನಿಲ ಅಳೆಯುವ ಮೀಟರನ್ನು ಮಾತ್ರ. ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತೊಟ್ಟಿಯ ಮೇಲ್ಭಾಗ, ನಡುಭಾಗ, ತಳ ಮೂರೂ ಕಡೆ ಪರೀಕ್ಷಿಸಬೇಕು. ಬ್ಲೋವರ್‌ನಿಂದ ಹೊಸ ಗಾಳಿ ಊದುತ್ತಿರಬೇಕು. ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯನನ್ನು ಇಳಿಸಲೇಬಾರದು.

ಕಾಪಾಡಲು ಹೋದವರ ಸಾವು

ಒಬ್ಬ ಬಿದ್ದ ಎಂದು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಎಲ್ಲರೂ ಸತ್ತ ಸುದ್ದಿಯನ್ನು ನೀವು ಇದೇ ಪತ್ರಿಕೆಯಲ್ಲಿ ಓದಿರುತ್ತೀರಿ. ಅವರನ್ನು ಕೊಂದದ್ದು ಅವರ ಒಳ್ಳೆಯತನವೇ. ಮೊದಲನೆಯವನನ್ನು ಕೆಡವಿದ ಅನಿಲ ಎರಡನೆಯವನನ್ನೂ ಬಿಡುವುದಿಲ್ಲ. ಆದ್ದರಿಂದ ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. ಕೂಡಲೇ 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ಅಗ್ನಿಶಾಮಕ ದಳದವರ ಬಳಿ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನ ಇರುತ್ತದೆ. ಇಳಿದವನ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆದುಕೊಳ್ಳಬಹುದು. ಹೊರತಂದ ಮೇಲೆ ಬಯಲು ಗಾಳಿಗೆ ಸಾಗಿಸಿ, ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು.

ಇಲಿಜ್ವರವನ್ನು ಮರೆಯಬೇಡಿ

ಅನಿಲ ಕ್ಷಣದಲ್ಲಿ ಕೊಂದರೆ ರೋಗಾಣುಗಳು ನಿಧಾನವಾಗಿ ಕಾಡುತ್ತವೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ, ಜಂತುಹುಳು ಇವೆಲ್ಲ ಕೊಳಚೆಯಿಂದ ಕೈಗೆ, ಕೈಯಿಂದ ಬಾಯಿಗೆ ಬರುವ ಕಾಯಿಲೆಗಳು. ಇಲಿಜ್ವರ ಹಾಗಲ್ಲ. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ರೋಗಾಣು ಕಾಲಿನ ಗಾಯ, ಬಿರುಕುಬಿಟ್ಟ ಹಿಮ್ಮಡಿ, ಕಣ್ಣುಗಳ ಮೂಲಕವೂ ದೇಹವನ್ನು ಸೇರಬಲ್ಲದು. ಸಾಮಾನ್ಯವಾಗಿ ಒಂದೆರಡು ವಾರಗಳ ನಂತರ ಜ್ವರ, ತಲೆನೋವು, ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತದೆ. ಬೇಗ ಗುರುತಿಸಿದರೆ ಸಾಮಾನ್ಯ ಔಷಧಿಗಳಿಂದಲೇ ವಾಸಿಯಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳು ಕೆಡಬಹುದು.

ತಡವಾಗಲು ಒಂದು ಕಾರಣ ಸಂಕೋಚ. “ಏನು ಕೆಲಸ?” ಎಂದು ವೈದ್ಯರು ಕೇಳಿದರೆ ಕೆಲವರು “ಸರ್ಕಾರಿ ಕೆಲಸ”, “ಪಂಪ್ ನೋಡಿಕೊಳ್ಳುತ್ತೇನೆ” ಎಂದಷ್ಟೇ ಹೇಳುತ್ತಾರೆ. ವೈದ್ಯರು ಸಾಧಾರಣ ಜ್ವರವೆಂದು ಭಾವಿಸಿ ಮಾತ್ರೆ ಬರೆದುಕೊಡುತ್ತಾರೆ. ನಿಮ್ಮ ಮನೆಯವರು ಇಂಥ ಕೆಲಸದಲ್ಲಿದ್ದರೆ ಜ್ವರ ಬಂದಾಗ ಅವರ ಕೆಲಸ ಏನೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನೆಯವರು ಮಾಡಬೇಕಾದದ್ದು

ಕೆಲಸದ ಬಟ್ಟೆ, ಬೂಟುಗಳನ್ನು ಘಟಕದಲ್ಲೇ ಕಳಚಿ, ಸ್ನಾನ ಮಾಡಿ ಮನೆಗೆ ಬರುವುದು ಉತ್ತಮ. ಅದಕ್ಕೆ ಅನುಕೂಲವಿಲ್ಲದಿದ್ದರೆ ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಂದಿಗೆ ಸೇರಿಸದೆ ಬಿಸಿನೀರು, ಸೋಪಿನಲ್ಲಿ ಬೇರೆಯಾಗಿ ಒಗೆಯಿರಿ. ಉಗುರು ಗಿಡ್ಡವಾಗಿರಲಿ. ಸೋಪಿನಿಂದ ಕೈ ತೊಳೆಯದೆ ಊಟ, ಬೀಡಿ, ಎಲೆಅಡಿಕೆ ಬೇಡ. ಗಾಯವಿದ್ದರೆ ನೀರು ತಾಗದ ಪಟ್ಟಿ ಹಾಕಬೇಕು.

ಧನುರ್ವಾಯು ಲಸಿಕೆಯನ್ನು 10 ವರ್ಷಕ್ಕೊಮ್ಮೆ ಹಾಕಿಸಬೇಕು. ಜಾಲರಿಯ ಕಸದಲ್ಲಿ ಚುಚ್ಚುಮದ್ದಿನ ಸೂಜಿಗಳೂ ಇರುವುದರಿಂದ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳೂ ಅಗತ್ಯ. ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಇಲಿಜ್ವರ ತಡೆಯಲು ಮಾತ್ರೆಗಳಿವೆಯಾದರೂ ವೈದ್ಯರ ಸಲಹೆಯಿಲ್ಲದೆ ಅವನ್ನು ನುಂಗಬಾರದು.

ನಿಮ್ಮ ಜವಾಬ್ದಾರಿ

ಇದು ನಗರಪಾಲಿಕೆಯ ವಿಷಯ, ನಮಗೇಕೆ ಎನ್ನಬೇಡಿ. ಬೆಂಗಳೂರಿನ ಅನೇಕ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಇಂಥದೇ ಚಿಕ್ಕ ಘಟಕಗಳಿವೆ. ಕೆಲವು ಕಡೆ ಅವು ಗಾಳಿಯಾಡದ ನೆಲಮಾಳಿಗೆಯಲ್ಲೇ ಇರುತ್ತವೆ. ಅಲ್ಲಿ ದುಡಿಯುವವನಿಗೆ ಸಂಬಳ ಕೊಡುವವರು ನೀವೇ. ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲುಶಿಕ್ಷೆ ಆಗಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದೆ. ಆದರೆ ಎಷ್ಟು ಲಕ್ಷ ಕೊಟ್ಟರೂ ಹೋದ ಜೀವ ಬರುವುದಿಲ್ಲ.

ಸಂಘದ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಘಟಕದಲ್ಲಿ ಅನಿಲ ಅಳೆಯುವ ಮೀಟರ್ ಇದೆಯೇ? ಗಾಳಿ ಊದುವ ಬ್ಲೋವರ್ ಕೆಲಸ ಮಾಡುತ್ತಿದೆಯೇ? ಆಪರೇಟರ್ ಒಬ್ಬನೇ ಇದ್ದಾಗ ತೊಟ್ಟಿಗೆ ಇಳಿಯಬಾರದೆಂದು ಅವನಿಗೆ ಯಾರಾದರೂ ಹೇಳಿದ್ದಾರೆಯೇ? ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ, ಅದನ್ನು ಸರಿಪಡಿಸುವವರೆಗೆ ಯಾರನ್ನೂ ಇಳಿಸಬೇಡಿ.